ಕಸ್ತೂರಿ ಮಾಡಿದ ಡಬ್ಬಿ

ನಾನು ಒಂದು ತಗಡಿನ ಡಬ್ಬಿ. ಮೊದಲು ನನ್ನೊಳಗೆ ಹಾಲಿನ ಪುಡಿ ಇತ್ತು. ಅದು ಮುಗಿದ ಮೇಲೆ ಹಾವೇರಿಯಲ್ಲಿ ಫಕ್ಕೀರಪ್ಪನ ಸೈಕಲ್ ಅಂಗಡಿ ಸೇರಿ, ಹಳೆಯ ನಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ವರ್ಷ ಮೂಲೆಯಲ್ಲಿದ್ದೆ. ಆಟಿಕೆಯಾಗಿ ಹುಟ್ಟಿದ್ದು ಆಮೇಲೆ, ಅವನ ಮಗಳು ಕಸ್ತೂರಿಯ ಕೈಯಲ್ಲಿ.

ಕಸ್ತೂರಿ ಒಂಬತ್ತನೆಯ ತರಗತಿಯಲ್ಲಿದ್ದಳು. ಶಕ್ತಿ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಹೋಗುವುದನ್ನು ತೋರಿಸುವ ಆಟಿಕೆ ಮಾಡಿ ತನ್ನಿ ಎಂದು ವಿಜ್ಞಾನ ಕಲಿಸುವ ವತ್ಸಲಾ ಅಕ್ಕೋರು ಹೇಳಿದ್ದರು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಜಿಲ್ಲಾ ಪ್ರದರ್ಶನಕ್ಕೆ ಹೋಗುತ್ತಿತ್ತು. ಕಸ್ತೂರಿ ನನ್ನ ತಳಕ್ಕೂ ಮುಚ್ಚಳಕ್ಕೂ ಮೊಳೆಯಿಂದ ತೂತು ಹೊಡೆದಳು. ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯನ್ನು ಒಳಗೆ ಆ ತುದಿಯಿಂದ ಈ ತುದಿಗೆ ಬಿಗಿದು, ನಡುವೆ ಒಂದು ನಟ್ಟು ಕಟ್ಟಿದಳು. ಉರುಳಿಸಿದಳು. ನಾನು ಹೋದೆ, ಹೋದಲ್ಲೇ ನಿಂತೆ. ನಟ್ಟು ಹಗುರವಾಗಿ, ನನ್ನ ಜೊತೆ ತಾನೂ ತಿರುಗಿಬಿಟ್ಟಿತ್ತು. ಎರಡು ಕಟ್ಟಿದಳು, ಮೂರು ಕಟ್ಟಿದಳು. ನಾಲ್ಕು ಕಟ್ಟಿದಾಗ ನಟ್ಟುಗಳು ಭಾರಕ್ಕೆ ಕೆಳಗೇ ತೂಗಿ ನಿಂತವು, ರಬ್ಬರ್ ಹುರಿಗೊಂಡಿತು. ನಾನು ಬಾಗಿಲತನಕ ಉರುಳಿ, ಒಂದು ಕ್ಷಣ ನಿಂತು, ಯಾರೂ ತಳ್ಳದೆ ಅವಳ ಕಾಲ ಬಳಿಗೆ ವಾಪಸು ಬಂದೆ.

“ಅಪ್ಪಾ, ನೋಡಿಲ್ಲೆ!”

ಫಕ್ಕೀರಪ್ಪ ಪಂಕ್ಚರ್ ಹಾಕುವುದನ್ನು ಬಿಟ್ಟು ಬಂದು, ಮಗಳು ಏನು ಅಡಗಿಸಿದ್ದಾಳೋ ಎಂದು ನನ್ನನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ.

ಶಾಲೆಯಲ್ಲೂ ನಾನು ಹೋದೆ, ಬಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಕೋರಿಗೆ ಅಂದು ಬೆಳಗಿನಿಂದಲೇ ಸಿಟ್ಟು. ಮೂವರು ಮಕ್ಕಳು ಅಂಗಡಿಯಿಂದ ಕೊಂಡ ಆಟಿಕೆ ತಂದಿದ್ದರು. ಅಕ್ಕೋರು ನನ್ನ ಮುಚ್ಚಳ ತೆಗೆದು ನೋಡಿದರು. ಒಳಗಿನ ಗಂಟುಗಳು ಬಹಳ ಅಚ್ಚುಕಟ್ಟಾಗಿದ್ದವು.

“ಇದು ನಿಮ್ಮಪ್ಪನ ಕೈಕೆಲಸ, ಹೌದಲ್ಲ?”

“ಇಲ್ರೀ ಅಕ್ಕೋರ, ನಾನಽ ಮಾಡೇನಿ.”

“ಸುಳ್ಳು ಬ್ಯಾರೆ ಹೇಳ್ತಿ? ಸೈಕಲ್ ಅಂಗಡಿಯವ್ರ ಮನ್ಯಾಗ ಇಂಥಾದ್ದು ಮಾಡಿಸ್ಕೊಂಡು ಬರೂದು ಏನ್ ದೊಡ್ಡ ಮಾತು! ಕೂಡು.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕಸ್ತೂರಿ ಕೂತಳು. ನಾನು ಶಾಲೆಯ ಬೀರು ಸೇರಿದೆ. ಪ್ರದರ್ಶನಕ್ಕೆ ಬೇರೆಯವರ ಗಾಳಿಯಂತ್ರ ಹೋಯಿತು.

ಮುಂದಿನ ವಾರ, ಮಕ್ಕಳ ಕೆಲಸ ನೀವು ಮಾಡಿಕೊಡಬೇಡಿ ಎಂದು ಬುದ್ಧಿ ಹೇಳಲು ಅಕ್ಕೋರು ನನ್ನನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಫಕ್ಕೀರಪ್ಪ ಸ್ಟೂಲು ಒರೆಸಿ ಕೂರಿಸಿದ.

“ನಿಮಗ ಈ ಡಬ್ಬಿ ಭಾಳ ಸೇರೇತಂತ, ಸಾಲ್ಯಾಗಽ ಇಟ್ಕೊಂಡೀರಂತ ಕಸ್ತೂರಿ ಹೇಳಿದ್ಲ್ರಿ. ಒಂದ್ ಕೇಳ್ಲೇನ್ರಿ ಅಕ್ಕೋರ? ಇದು ವಾಪಸ್ ಹೆಂಗ ಬರತೈತಿ? ಅಕಿ ಎರಡ ಸಲ ಬಿಡಿಸಿ ಹೇಳಿದ್ಲು, ನನ್ನ ತಲಿಗೆ ಹತ್ತವಲ್ದು.”

ಅಕ್ಕೋರು ನನ್ನನ್ನು ಮೆಲ್ಲಗೆ ಮಡಿಲಿಗಿಳಿಸಿಕೊಂಡರು; ಹೇಗೆ ನಡೆಯುತ್ತದೆಂದೇ ತಿಳಿಯದವನು ಇದನ್ನು ಮಾಡಿಕೊಟ್ಟಿರಲಾರ. ತರಗತಿಯಲ್ಲಿ ಆದ ಅವಮಾನವನ್ನು ಹುಡುಗಿ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಕೈ ತಳ್ಳಿದ ಶಕ್ತಿ ರಬ್ಬರಿನ ಹುರಿಯಲ್ಲಿ ಕೂಡಿಕೊಳ್ಳುತ್ತದೆ, ಹುರಿ ಬಿಚ್ಚುವಾಗ ಅದೇ ಶಕ್ತಿ ಡಬ್ಬಿಯನ್ನು ಉರುಳಿಸುತ್ತದೆ ಎಂದು ಅಕ್ಕೋರು ಸಣ್ಣ ದನಿಯಲ್ಲಿ ವಿವರಿಸಿದರು. “ಹಂಗನ್ರಿ!” ಎಂದು ಫಕ್ಕೀರಪ್ಪ ಮನಸಾರೆ ನಕ್ಕು, ಚಹಾ ತರಿಸಿದ. ಅಕ್ಕೋರು ಕುಡಿದರು. ಬಂದ ವಿಷಯ ಹೇಳದೆ ಎದ್ದು ಹೋದರು.

ನಾಲ್ಕು ದಿನ ನಾನು ಅವರ ಚೀಲದಲ್ಲಿದ್ದೆ. ತರಗತಿಗೆ ಬಂದಾಗಲೆಲ್ಲ ನನ್ನನ್ನು ಅರ್ಧ ಹೊರಗೆಳೆದು, ಕಸ್ತೂರಿಯ ಕಡೆ ನೋಡಿ, ಮತ್ತೆ ಒಳಗಿಡುತ್ತಿದ್ದರು. ಒಬ್ಬಳನ್ನೇ ಕರೆದು ಹೇಳಿಬಿಡಬಹುದಿತ್ತು. ಆದರೆ ಬೈದದ್ದು ಎಲ್ಲರ ಎದುರು. ಐದನೆಯ ದಿನ ನನ್ನನ್ನು ಮೇಜಿನ ಮೇಲಿಟ್ಟು ನಿಂತರು.

“ಇದನ್ನ ಕಸ್ತೂರಿನಽ ಮಾಡ್ಯಾಳ. ವಿಚಾರ ಮಾಡದಽ ಅಕಿಗೆ ಸುಳ್ಳಿ ಅಂದೆ. ಅಕಿ ಅಪ್ಪನ ಕಸುಬು ಹಿಡಿದು ಆಡಿದೆ. ತಪ್ಪು ನಂದು.” ಆಮೇಲೆ, “ಬಾ ಕಸ್ತೂರಿ, ಇದು ಹೆಂಗ ನಡೀತೈತಿ ಎಲ್ಲಾರಿಗೂ ನೀನಽ ಹೇಳು” ಎಂದರು.

ಕಸ್ತೂರಿ ಏಳಲಿಲ್ಲ. “ನೀವಽ ಹೇಳ್ರಿ ಅಕ್ಕೋರ.”

ಅಕ್ಕೋರು ನನ್ನನ್ನು ಉರುಳಿಸುತ್ತ ಪಾಠ ಮಾಡಿದರು. ಹೋಗಿ ಬಂದು, ಹೋಗಿ ಬಂದು ನಾನು ನಿಂತೆ. “ಕಡೀಕೆ ಶಕ್ತಿ ಎಲ್ಲಿ ಹೋತ್ರಿ?” ಎಂದು ಒಬ್ಬಳು ಕೇಳಿದಳು. ಅಕ್ಕೋರಿಗೆ ಉತ್ತರ ಗೊತ್ತಿತ್ತು, ಆದರೆ ಕಸ್ತೂರಿಯ ಕಡೆ ತಿರುಗಿದರು.

“ಎಲ್ಲೂ ಹೋಗೂದಿಲ್ಲ,” ಕಸ್ತೂರಿ ಕೂತಲ್ಲಿಂದಲೇ ಹೇಳಿದಳು. “ನೆಲಕ್ಕ ತಿಕ್ಕಿ, ರಬ್ಬರಿನ ಒಳಗ ತಿಕ್ಕಿ ಬಿಸಿ ಆಗತೈತಿ. ಕೈಗೆ ಗೊತ್ತಾಗೂದಿಲ್ಲ, ಅಷ್ಟ ಸಣ್ಣ ಬಿಸಿ.”

ಆಕೆ ಅಂದು ಹೇಳಿದ್ದು ಅಷ್ಟೇ. ಕಸ್ತೂರಿ ಹತ್ತನೆಯ ತರಗತಿ ಮುಗಿಸಿ ಹೋಗುವಾಗ ಅಕ್ಕೋರು ನನ್ನನ್ನು ಅವಳಿಗೆ ಕೊಡಲು ಹೋದರು. “ಇಲ್ಲೇ ಇರ್ಲಿರಿ” ಎಂದಳು. ಕ್ಷಮಿಸಿ ಹಾಗೆಂದಳೋ, ಬೇಡವಾಗಿ ಹಾಗೆಂದಳೋ, ಅಕ್ಕೋರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಈಗ ನನ್ನ ಅಂಚಿಗೆ ತುಕ್ಕು ಹಿಡಿದಿದೆ. ಬೀರುವಿನ ಮೇಲಿನ ಮೂಲೆಯೇ ನನ್ನ ಮನೆ. ರಬ್ಬರ್ ಹರಿದಾಗ ಅಕ್ಕೋರು ನನ್ನನ್ನು ಫಕ್ಕೀರಪ್ಪನ ಅಂಗಡಿಗೆ ಒಯ್ಯುತ್ತಾರೆ. ಅವನು ಹೊಸ ಪಟ್ಟಿ ಕತ್ತರಿಸುತ್ತ, “ನನ್ನ ಮಗಳ ಡಬ್ಬಿ ಇನ್ನೂ ಜೋಪಾನ ಇಟ್ಟೀರಿ. ದೊಡ್ಡ ಮನಸು ನಿಮ್ದು” ಎನ್ನುತ್ತಾನೆ. ಇಡೀ ತರಗತಿಗೆ ಹೇಳಿದ್ದನ್ನು ಅಕ್ಕೋರು ಆ ಒಬ್ಬನಿಗೆ ಇನ್ನೂ ಹೇಳಿಲ್ಲ. ಮೆಚ್ಚಿಕೊಂಡವನ ಎದುರು ತಪ್ಪು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ನಾನು ಅವರ ಮಡಿಲಲ್ಲಿ ಕೂತು ಕಲಿತೆ.

ಹೋದ ಸಲ ಅವರು “ಫಕ್ಕೀರಪ್ಪ, ಒಂದ್ ಮಾತು…” ಎಂದು ಶುರುಮಾಡಿದರು.

“ಹೇಳ್ರಿ ಅಕ್ಕೋರ.”

“ರಬ್ಬರ್ ಸ್ವಲ್ಪ ದಪ್ಪಂದು ಹಾಕು” ಎಂದರು.