ಹಾರ್ಡ್ ಡಿಸ್ಕಿಗೆ ಟೋಪಿ ಹಾಕಿದ ಕಥೆ

ಆಯುಧಪೂಜೆ ಬಂತೆಂದರೆ ಮೈಸೂರಿನ ವಿದ್ಯಾರಣ್ಯಪುರಂನ ಒಂದು ಬೀದಿಯಲ್ಲಿ ತೊಳೆಯದೆ ಉಳಿಯುವ ವಸ್ತುವಿಲ್ಲ. ಸ್ಕೂಟರು, ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆ, ಕೊನೆಗೆ ಗ್ಯಾಸ್ ಒಲೆಯ ಮೇಲೂ ಮೂರು ಬೆರಳಿನ ವಿಭೂತಿ ಬೀಳುತ್ತದೆ. ಎರಡು ಸಾವಿರದ ಐದನೆಯ ಇಸವಿಯ ದಸರೆಯಲ್ಲಿ ವೃಷಭೇಂದ್ರಪ್ಪನವರ ಮನೆಯಲ್ಲಿ ಈ ಪಟ್ಟಿಗೆ ನಡುಮನೆಯ ಕಂಪ್ಯೂಟರೂ ಸೇರಿತು.

ವೃಷಭೇಂದ್ರಪ್ಪನವರು ಹೆಬ್ಬಾಳದ ಕಾರ್ಖಾನೆಯೊಂದರ ಮೆಷಿನ್ ಶಾಪಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಮೇಲೆ ಮೇಲೆ ಒರೆಸಿ ಹೂವು ಮುಡಿಸುವುದು ಅವರಿಗೆ ಪೂಜೆಯೇ ಅಲ್ಲ. ಯಂತ್ರ ಎಂದಮೇಲೆ ಬಿಚ್ಚಬೇಕು, ಒಳಗಿನ ಧೂಳು ತೆಗೆಯಬೇಕು, ಮತ್ತೆ ಜೋಡಿಸಬೇಕು. ಸೊಸೆ ನಿಶ್ಚಿತಾ ಹೂವು, ಬೂದುಗುಂಬಳ ತರಲು ಮಾರುಕಟ್ಟೆಗೆ ಹೋಗಿದ್ದ ಹೊತ್ತು ನೋಡಿ ಅವರು ಕಂಪ್ಯೂಟರಿನ ಡಬ್ಬ ಬಿಚ್ಚಿದರು. ಒಳಗಿದ್ದ ಎರಡು ಹಾರ್ಡ್ ಡಿಸ್ಕುಗಳನ್ನು ಹೊರತೆಗೆದು, ಒಣ ಬ್ರಶ್ಶಿನಿಂದ ಉಜ್ಜಿ, ವಿಭೂತಿ ಕುಂಕುಮ ಇಟ್ಟು, ತಂತಿಗಳನ್ನೆಲ್ಲ ಇದ್ದ ಜಾಗಕ್ಕೇ ಸಿಕ್ಕಿಸಿ ಸ್ಕ್ರೂ ಬಿಗಿದರು. ಸೊಸೆ ಮನೆಗೆ ಬಂದಾಗ ಕಂಪ್ಯೂಟರು ಚೆಂಡು ಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ಕೂತಿತ್ತು. ಒಳಗೆ ಕೈ ಆಡಿಸಿದ್ದನ್ನು ಮಾವ ಹೇಳಲಿಲ್ಲ, ಸೊಸೆ ಕೇಳಲಿಲ್ಲ.

ಆ ಕಂಪ್ಯೂಟರಿನಲ್ಲಿ ಏನಿತ್ತು ಎಂಬುದನ್ನು ಇಲ್ಲಿ ಹೇಳಬೇಕು.

ಪಕ್ಕದ ಬೀದಿಯ ನಂಜಯ್ಯನವರ ಮಗಳು ಗಗನ ಎರಡನೇ ಪಿಯುಸಿ ಓದುತ್ತಿದ್ದಳು. ಆಕೆಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಪಾಠವನ್ನು ಯಾರಾದರೂ ಓದಿ ಹೇಳಬೇಕು. ಬೀದಿಯ ಆರು ಮಂದಿ ಹೆಂಗಸರು ಇದಕ್ಕೊಂದು ದಾರಿ ಮಾಡಿದ್ದರು. ಬೇಸಿಗೆ ರಜೆಯಿಂದಲೇ ಶುರುಮಾಡಿ, ಮಧ್ಯಾಹ್ನದ ಊಟ ಮುಗಿದ ಮೇಲೆ ಒಬ್ಬೊಬ್ಬರಾಗಿ ನಿಶ್ಚಿತಾಳ ಮನೆಗೆ ಬಂದು, ಮೈಕಿನ ಮುಂದೆ ಕೂತು ಪಠ್ಯಪುಸ್ತಕಗಳನ್ನು ಓದುತ್ತಿದ್ದರು. ನಿಶ್ಚಿತಾ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಮಾಡುತ್ತಿದ್ದಳು. ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವರು ಆಕೆಯ ಅತ್ತೆ ಮಹದೇವಮ್ಮ. ಹತ್ತನೇ ತರಗತಿಗೇ ಶಾಲೆ ಬಿಟ್ಟಿದ್ದ ಅವರು ಇತಿಹಾಸದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಓದಿ ಮುಗಿಸಿದ್ದರು.

ಶ್ರಾವಣದಲ್ಲಿ ಮಹದೇವಮ್ಮನವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗುಣವೇನೋ ಆಯಿತು, ಆದರೆ ದನಿ ಹೋಯಿತು. ಈಗ ಅವರು ಮಾತಾಡಿದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತದೆ.

ಇತಿಹಾಸದ ಪಾಠಗಳು ಇನ್ನೂ ಗಗನಳ ಕೈಸೇರಿರಲಿಲ್ಲ. ತಡ ನಿಶ್ಚಿತಾಳದೇ. ಒಂದು ತಪ್ಪು ಉಚ್ಚಾರ, ಒಂದು ಕೆಮ್ಮು, ಬೀದಿಯಲ್ಲಿ ಹೋಗುವ ಸೊಪ್ಪಿನವಳ ಕೂಗು ಉಳಿದರೂ ಆಕೆಗೆ ಸಮಾಧಾನವಿಲ್ಲ. ಎಲ್ಲವನ್ನೂ ತಿದ್ದಿ, ದಸರಾ ಮುಗಿದ ಕೂಡಲೇ ಸಿ.ಡಿ. ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ರಜೆ ಮುಗಿದ ವಾರಕ್ಕೇ ಅರ್ಧವಾರ್ಷಿಕ ಪರೀಕ್ಷೆ.

ಹಾಗೆಂದು ಆಕೆ ಮೈಮರೆಯುವ ಹೆಂಗಸಲ್ಲ. ಗ್ಯಾಸಿನ ತಿರುಪನ್ನು ಎರಡು ಸಲ ಮುಟ್ಟಿ ನೋಡದೆ ಮನೆಯಿಂದ ಹೊರಡುವವಳಲ್ಲ. ಪ್ರತಿ ಶುಕ್ರವಾರ ಬ್ಯಾಕಪ್, ಎಂದರೆ ಇದ್ದುದೆಲ್ಲದರ ಇನ್ನೊಂದು ಪ್ರತಿ, ಎರಡನೆಯ ಡಿಸ್ಕಿಗೆ ಹೋಗುವಂತೆ ಮಾಡಿದ್ದಳು. ಮೊದಲ ಡಿಸ್ಕು ಕೈಕೊಟ್ಟರೆ ಆ ಪ್ರತಿಯನ್ನು ಮರಳಿ ತಂದುಕೊಡುವ ಸಿ.ಡಿ.ಯೊಂದನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದಳು. ಎರಡು ಡಿಸ್ಕೂ ಇರುವುದು ಒಂದೇ ಡಬ್ಬದೊಳಗೆ ಎಂಬುದು ಮಾತ್ರ ಆಕೆಗೆ ಹೊಳೆದಿರಲಿಲ್ಲ.

ವಿಜಯದಶಮಿಯ ಮರುದಿನ ಬೆಳಿಗ್ಗೆ ನಿಶ್ಚಿತಾ ಹಾರ ತೆಗೆದು, ಕಂಪ್ಯೂಟರಿಗೆ ಕೈಮುಗಿದು ಗುಂಡಿ ಒತ್ತಿದಳು. ಪರದೆಯ ಮೇಲೆ ಕಪ್ಪು ಕವಿದು ಒಂದೇ ಸಾಲು ಬಂತು: ಶುರುಮಾಡಲು ಡಿಸ್ಕು ಇಲ್ಲ. ಇಂಥ ದಿನಕ್ಕೆಂದೇ ಇಟ್ಟ ಸಿ.ಡಿ. ಇದೆಯಲ್ಲ ಎಂದು ಅದನ್ನು ಹಾಕಿದಳು. ಸಿ.ಡಿ. ಚೆನ್ನಾಗಿಯೇ ಓಡಿತು. ಐದು ನಿಮಿಷ ಹುಡುಕಿ, ಯಾವ ಹಾರ್ಡ್ ಡಿಸ್ಕೂ ಸಿಗಲಿಲ್ಲ ಎಂದು ತೋರಿಸಿ ನಿಂತಿತು. ಮೂರು ಸಲ ಹಾಕಿದರೂ ಅದೇ ಉತ್ತರ.

ವೃಷಭೇಂದ್ರಪ್ಪನವರು ರಿಪೇರಿ ಅಂಗಡಿಗೆ ಫೋನ್ ಮಾಡಿದರು. ಡಿಸ್ಕು ಹೋಗಿದೆ, ತನ್ನಿ, ಆಗುವುದಾದರೆ ಫಾರ್ಮ್ಯಾಟ್ ಮಾಡೋಣ, ಇಲ್ಲವಾದರೆ ಹೊಸದು ಹಾಕೋಣ ಎಂದು ಆ ಕಡೆಯವರು ಹೇಳಿದರು. ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಅಳಿಸಿ ಸಾಪು ಮಾಡುವುದು ಎಂದು ನಿಶ್ಚಿತಾ ಹೇಳುತ್ತಲೇ ಇದ್ದಳು. ಮಾವ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಇಲ್ಲ ಅಂತ ಸಿ.ಡಿ.ನೇ ಹೇಳ್ತಾ ಇದೆಯಲ್ಲಮ್ಮ. ಹೋಗಿದ್ದು ಹೋಯ್ತು, ಬುಡು. ಪಾಠ ತಾನೇ, ಇನ್ನೊಂದ್ಸಲ ಓದಿದ್ರಾಯ್ತು" ಎಂದು ಡಬ್ಬವನ್ನು ಎತ್ತಿಕೊಂಡೇ ಬಿಟ್ಟರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಹದೇವಮ್ಮ ಹತ್ತಿರ ಬಂದರು. ಹತ್ತಿರ ಬರದೆ ಅವರ ಮಾತು ಕೇಳುವುದಿಲ್ಲ.

"ಅದರೊಳಗೆ ನಾನಿದೀನಿ ಕಣ್ರೀ" ಎಂದರು.

ವೃಷಭೇಂದ್ರಪ್ಪನವರು ಡಬ್ಬವನ್ನು ಮೆಲ್ಲಗೆ ಮತ್ತೆ ಮೇಜಿನ ಮೇಲಿಟ್ಟರು.

ನಿಶ್ಚಿತಾ ಕಾಲೇಜಿನ ಗೆಳತಿ ನೀಲಾಂಬಿಕೆಗೆ ಫೋನ್ ಮಾಡಿದಳು. ನೀಲಾಂಬಿಕೆಯ ಮನೆ ಹೂಟಗಳ್ಳಿಯಲ್ಲಿ, ಕೆಲಸ ಹೆಬ್ಬಾಳದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ. ಯಾವ ಅಂಗಡಿಗೂ ಕೊಡಬೇಡ, ಏನನ್ನೂ ಹೊಸದಾಗಿ ತುಂಬಬೇಡ, ಮೊದಲ ಶಿಫ್ಟ್ ಮುಗಿಸಿ ಬರುತ್ತೇನೆ ಎಂದಳು. ಯಾರಾದರೂ ಡಬ್ಬ ಬಿಚ್ಚಿದ್ದರಾ ಎಂದೂ ಕೇಳಿದಳು. ಇಲ್ಲ ಎಂದಳು ನಿಶ್ಚಿತಾ. ಪಕ್ಕದಲ್ಲಿ ಕೂತು ಪತ್ರಿಕೆ ಓದುತ್ತಿದ್ದ ಮಾವ ಪುಟ ತಿರುವಿದರು.

ನಾಲ್ಕು ಗಂಟೆಗೆ ನೀಲಾಂಬಿಕೆ ಬಂದಳು. ಕಾಫಿ ಆಮೇಲೆ ಎಂದು ಕಂಪ್ಯೂಟರಿನ ಮುಂದೆಯೇ ಕೂತಳು. ವೃಷಭೇಂದ್ರಪ್ಪನವರು ಸುಮ್ಮನಿರಲಿಲ್ಲ. ಅಂಥ ಸಿ.ಡಿ.ಗೇ ಸಿಗದ್ದು ನಿನಗೆ ಸಿಗುತ್ತಾ ಎಂದು ಕೆಣಕಿದರು.

"ಸಿ.ಡಿ. ಮನೆಗೆ ಬಂದ ನೆಂಟರ ಥರ ಅಪ್ಪಾಜಿ" ಎಂದಳು ನೀಲಾಂಬಿಕೆ. "ಒಳಗೆ ಯಾರಿದಾರೆ ಅಂತ ಮನೆಯವರು ಹೇಳಿದ್ರೆ ತಾನೇ ಅದಕ್ಕೆ ಗೊತ್ತಾಗೋದು? ಮೊದ್ಲು ಮನೆಯವರನ್ನೇ ಕೇಳಣ."

ಕಂಪ್ಯೂಟರು ಶುರುವಾಗುತ್ತಿದ್ದಂತೆಯೇ ಆಕೆ ಒಂದು ಗುಂಡಿ ಒತ್ತಿ ನೀಲಿ ಪರದೆಯೊಂದನ್ನು ತೆರೆದಳು. ತನ್ನ ಮೈಗೆ ಏನೇನು ಜೋಡಿಸಿದೆ ಎಂದು ಯಂತ್ರ ತಾನೇ ಹೇಳಿಕೊಳ್ಳುವ ಜಾಗ ಅದು. ಇಲ್ಲಿ ಡಿಸ್ಕಿನ ಹೆಸರು ಇದ್ದು ಸಿ.ಡಿ.ಗೆ ಮಾತ್ರ ಕಾಣದಿದ್ದರೆ, ಸಿ.ಡಿ. ಹಳೆಯದು, ಈ ಬಗೆಯ ಡಿಸ್ಕಿನ ಗುರುತು ಅದಕ್ಕಿಲ್ಲ ಎಂದರ್ಥ, ಹೊಸ ಸಿ.ಡಿ. ಮಾಡಿಕೊಂಡರೆ ಆಯಿತು. ಇಲ್ಲೂ ಹೆಸರಿಲ್ಲದಿದ್ದರೆ ದೋಷ ತಂತಿಯಲ್ಲೋ, ಜೋಡಣೆಯಲ್ಲೋ, ಡಿಸ್ಕಿನಲ್ಲೇ ಇರುತ್ತದೆ. ಎಷ್ಟು ಸಲ ಸಿ.ಡಿ. ಹಾಕಿದರೂ ಪ್ರಯೋಜನವಿಲ್ಲ. ನೀಲಾಂಬಿಕೆ ಇದನ್ನೆಲ್ಲ ಅವಸರವಿಲ್ಲದೆ ಬಿಡಿಸಿ ಹೇಳಿದಳು. ಆ ಪರದೆಯಲ್ಲಿ ಎರಡು ಡಿಸ್ಕುಗಳ ಜಾಗವೂ ಖಾಲಿ ಇತ್ತು.

ಬಳಿಕ ಆಕೆ ವೃಷಭೇಂದ್ರಪ್ಪನವರನ್ನು ಕರೆದು ಡಬ್ಬದ ಮುಂಭಾಗದ ಮೇಲೆ ಅಂಗೈ ಇಡಿ ಎಂದಳು. ಅವರು ಇಟ್ಟರು. ಮುಖ ಬದಲಾಯಿತು.

"ಒಳಗೆ ಡಿಸ್ಕಿನ ಸ್ಪಿಂಡಲ್ ತಿರುಗ್ತಾ ಇದೆ ಕಣಮ್ಮ. ನಡುಕ ಇಲ್ಲ, ಉಜ್ಜೋ ಸದ್ದೂ ಇಲ್ಲ. ಇದು ಕೆಟ್ಟಿರೋ ಯಂತ್ರ ಅಲ್ಲ."

"ಅಂಗಡಿಯವರಿಗೆ ಫೋನಲ್ಲಿ ಗೊತ್ತಾಗದೆ ಇದ್ದಿದ್ದು ಇದೇ" ಎಂದಳು ಆಕೆ. ಕರಕರ ಸದ್ದೋ, ಟಕ್ ಟಕ್ ಎಂಬ ಬಡಿತವೋ ಇದ್ದಿದ್ದರೆ ಮನೆಯಲ್ಲಿ ಯಾರೂ ಮುಟ್ಟದೆ, ಒಡನೆ ಆರಿಸಿ, ಬಲ್ಲವರ ಕೈಗೇ ಕೊಡಬೇಕಿತ್ತು ಎಂದೂ ಸೇರಿಸಿದಳು.

ಕಂಪ್ಯೂಟರನ್ನು ಆರಿಸಿ, ಗೋಡೆಯ ಪ್ಲಗ್ಗನ್ನೂ ಕಿತ್ತು, ಪಕ್ಕದ ತಗಡು ತೆಗೆದರು. ಎರಡೂ ಡಿಸ್ಕುಗಳ ಹಣೆಯ ಮೇಲೆ ವಿಭೂತಿ, ಅದರ ನಡುವೆ ಕುಂಕುಮ. ನೀಲಾಂಬಿಕೆ ನಿಶ್ಚಿತಾಳನ್ನು ನೋಡಿದಳು, ನಿಶ್ಚಿತಾ ಅತ್ತೆಯನ್ನು, ಅತ್ತೆ ಗಂಡನನ್ನು.

"ನಾನೇ ಕಣಮ್ಮ" ಎಂದರು ವೃಷಭೇಂದ್ರಪ್ಪ. "ಬೆಳಿಗ್ಗೆನೇ ಹೇಳ್ಬೇಕಾಗಿತ್ತು. ಕೆಡಿಸಿಬುಟ್ನೇನೋ ಅಂತ ಭಯ ಆಯ್ತು."

ಯಾರೂ ಬೈಯಲಿಲ್ಲ. ಅವರು ಹೇಳಿದ್ದರಿಂದ ಹುಡುಕಬೇಕಾದ ಜಾಗ ಚಿಕ್ಕದಾಯಿತು. ನೀಲಾಂಬಿಕೆ ಒಂದೊಂದನ್ನೇ ನೋಡುತ್ತ ಬಂದಳು. ಕರೆಂಟಿನ ತಂತಿ ಸರಿ ಇತ್ತು. ಎರಡೂ ಡಿಸ್ಕುಗಳ ಮಾಹಿತಿ ಸಾಗಿಸುವ ಒಂದೇ ಅಗಲದ ಪಟ್ಟಿ ತಂತಿಯ ತುದಿಗಳೆಲ್ಲ ಬಿಗಿಯಾಗಿದ್ದವು. ಕೊನೆಗೆ ಮೊದಲ ಡಿಸ್ಕಿನ ಹಿಂಭಾಗದ ಸೂಜಿಗಳನ್ನು ನೋಡಿದಳು. ಅಲ್ಲೊಂದು ಜೋಳದ ಕಾಳಿಗಿಂತ ಚಿಕ್ಕ ಪ್ಲಾಸ್ಟಿಕ್ ಟೋಪಿ ಇರಬೇಕು. ಜಂಪರ್ ಎನ್ನುತ್ತಾರೆ. ಎಲ್ಲಿರಬೇಕೆಂದು ಡಿಸ್ಕಿನ ಮೇಲಿನ ಚೀಟಿಯಲ್ಲೇ ಚಿತ್ರವಿತ್ತು. ಜಾಗ ಖಾಲಿ.

"ಈ ಟೋಪಿ ಇದ್ರೆ ಇದು ಅಣ್ಣ, ಇಲ್ದಿದ್ರೆ ತಮ್ಮ" ಎಂದು ಆಕೆ ವಿವರಿಸಿದಳು. "ಈಗ ಎರಡೂ ತಮ್ಮಂದಿರು. ಹೊರಗಿಂದ ಬಾಗಿಲು ತಟ್ಟಿದ್ರೆ ಅಣ್ಣ ತೆಗೀತಾನೆ ಬುಡು ಅಂತ ಇಬ್ಬರೂ ಸುಮ್ನೆ ಕೂತವ್ರೆ. ಸಿ.ಡಿ. ಪಾಪ, ಮನೇಲಿ ಯಾರೂ ಇಲ್ಲ ಅಂದ್ಕೊಂಡು ವಾಪಸ್ ಹೋಯ್ತು."

ಉಜ್ಜುವಾಗ ಬಿದ್ದಿರಬೇಕು, ಕಸದ ಜೊತೆ ಹೋಗಿರುತ್ತದೆ ಎಂದು ನಿಶ್ಚಿತಾಳ ಮುಖ ಇಳಿಯಿತು. ವೃಷಭೇಂದ್ರಪ್ಪನವರು ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲೊಂದು ಹಳೆಯ ಪೌಡರ್ ಡಬ್ಬಿ. ಅದನ್ನು ಪತ್ರಿಕೆಯ ಮೇಲೆ ಸುರಿದರು. ವಾಷರು, ಸ್ಪ್ರಿಂಗು, ಹೊಲಿಗೆ ಯಂತ್ರದ ತಿರುಪು, ಗಡಿಯಾರದ ಮುಳ್ಳು. ಅವುಗಳ ನಡುವೆ ಕುಂಕುಮ ಅಂಟಿದ ಒಂದು ಕರಿಯ ಚೂರು.

"ನೆಲದ ಮೇಲೆ ಬಿದ್ದಿತ್ತು, ಯಾವುದರದ್ದು ಅಂತ ಗೊತ್ತಾಗಲಿಲ್ಲ" ಎಂದರು. "ಮೆಷಿನ್ ಶಾಪಿನಲ್ಲಿದ್ದೋನು ನಾನು. ಬಿದ್ದ ಚೂರನ್ನ ಎಸೆದೋನಲ್ಲ."

ನೀಲಾಂಬಿಕೆ ಚಿಮಟವನ್ನು ಅವರ ಕೈಗೇ ಕೊಟ್ಟಳು. ಅವರು ಚೀಟಿಯ ಚಿತ್ರ ನೋಡಿಕೊಂಡು ಟೋಪಿಯನ್ನು ಅದರ ಸೂಜಿಗಳ ಮೇಲೆ ಕೂರಿಸಿದರು. ಗುಂಡಿ ಒತ್ತಿದಾಗ ನೀಲಿ ಪರದೆಯಲ್ಲಿ ಒಂದರ ಕೆಳಗೊಂದು ಎರಡು ಹೆಸರು ಬಂದವು.

"ಅಂಗಡಿಯವರು ನನಗೆ ಟೋಪಿ ಹಾಕೋಕೆ ಮುಂಚೆ ನಾನೇ ಡಿಸ್ಕಿಗೆ ಹಾಕ್ಬುಟ್ಟೆ" ಎಂದರು ವೃಷಭೇಂದ್ರಪ್ಪ.

ನಿಶ್ಚಿತಾ ಇತಿಹಾಸದ ಪಾಠವೊಂದನ್ನು ತೆರೆದಳು. ಮಹದೇವಮ್ಮನವರ ದನಿ, ತುಂಬು ದನಿ, ನಡುಮನೆಯನ್ನೆಲ್ಲ ತುಂಬಿತು. ಮಹದೇವಮ್ಮ ಗಂಡನ ಪಕ್ಕಕ್ಕೆ ಸರಿದು, ಎಷ್ಟು ಗಟ್ಟಿಯಾಗಿ ಓದಿದೀನಿ ನೋಡಿ ಎಂದರು. ಹೇಳುವಾಗ ಅವರ ತಲೆ ನೆಟ್ಟಗಿತ್ತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಬ್ಯಾಕಪ್ಪಿನಿಂದ ಏನನ್ನಾದರೂ ಯಾವತ್ತಾದರೂ ಮರಳಿ ತೆಗೆದು ನೋಡಿದ್ದೀಯಾ ಎಂದು ನೀಲಾಂಬಿಕೆ ಕೇಳಿದಳು. ಗ್ಯಾಸಿನ ತಿರುಪನ್ನು ಎರಡು ಸಲ ನೋಡುವ ನಿಶ್ಚಿತಾ ಇದನ್ನು ಒಂದು ಸಲವೂ ನೋಡಿರಲಿಲ್ಲ. ಆ ಸಂಜೆ ಒಂದು ಪಾಠವನ್ನು ತೆಗೆದು, ಬೇರೆ ಜಾಗದಲ್ಲಿಟ್ಟು ಕೇಳಿ ನೋಡಿದರು, ಸರಿಯಾಗಿಯೇ ಇತ್ತು. ಸಿ.ಡಿ.ಗಳನ್ನು ಮಾಡಲು ಕೂತಾಗ, ಕೆಮ್ಮು ತೆಗೆಯುವುದು ಬಾಕಿ ಇದೆ, ಎರಡು ದಿನ ತಡೆ ಎಂದಳು ನಿಶ್ಚಿತಾ.

"ತಿದ್ದೋದು ಆಮೇಲೆ ಕಣೇ" ಎಂದಳು ಗೆಳತಿ. "ಮೊದ್ಲು ಇದು ಈ ಡಬ್ಬ ಬಿಟ್ಟು ಹೊರಗೆ ಹೋಗ್ಲಿ."

ಒಂದು ಪ್ರತಿ ಗಗನಳ ಮನೆಗೆ ಹೋಯಿತು. ಇನ್ನೊಂದು ನೀಲಾಂಬಿಕೆಯ ಕೈಚೀಲದಲ್ಲಿ ಹೂಟಗಳ್ಳಿಯ ಬಸ್ಸು ಹತ್ತಿತು.

ಪರೀಕ್ಷೆ ಮುಗಿದ ದಿನ ಗಗನ ತಂದೆಯ ಕೈಹಿಡಿದು ಬಂದಳು. ಇತಿಹಾಸದಲ್ಲಿ ಒಂದು ಪ್ರಶ್ನೆಯನ್ನೂ ಬಿಟ್ಟಿರಲಿಲ್ಲ. ಮೈಸೂರು ರಾಜ್ಯವನ್ನು ಬ್ರಿಟಿಷರು ಒಡೆಯರಿಗೆ ಮರಳಿ ಕೊಟ್ಟ ಇಸವಿ ಕೇಳಿದ್ದರಂತೆ. ಮಹದೇವಮ್ಮಜ್ಜಿ ಓದುವಾಗ ಅಲ್ಲಿ ಒಂದು ಸಲ ಕೆಮ್ಮಿ, ಆಮೇಲೆ ಸಾವಿರದ ಎಂಟುನೂರ ಎಂಬತ್ತೊಂದು ಎನ್ನುತ್ತಾರೆ. ಕೆಮ್ಮು ನೆನಪಾಯಿತು, ಇಸವಿ ಹಿಂದೆಯೇ ಬಂತು ಎಂದಳು. ಹೊರಡುವಾಗ ನಿಶ್ಚಿತಾಳ ಕೈ ಹುಡುಕಿ ಹಿಡಿದುಕೊಂಡಳು.

"ಆಂಟಿ, ಆ ಕೆಮ್ಮನ್ನ ಮಾತ್ರ ತೆಗೀಬೇಡಿ."

ನಿಶ್ಚಿತಾ ತೆಗೆಯಲಿಲ್ಲ. ಮರುವರ್ಷದ ಆಯುಧಪೂಜೆಗೆ ಕಂಪ್ಯೂಟರಿನ ಡಬ್ಬಕ್ಕೆ ಹೊರಗಿನಿಂದಷ್ಟೇ ಕುಂಕುಮ ಬಿತ್ತು. ಇಟ್ಟವರು ವೃಷಭೇಂದ್ರಪ್ಪನವರೇ. ಹೂಟಗಳ್ಳಿಗೆ ಫೋನ್ ಮಾಡಿ, ಅಲ್ಲಿರುವ ಸಿ.ಡಿ.ಯ ಪೆಟ್ಟಿಗೆಗೂ ಒಂದು ಹೂವು ಇಡಮ್ಮ ಎಂದು ಹೇಳಿದವರೂ ಅವರೇ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಮತ್ತೆ ಸಿಗದ ಏನೋ ಒಂದು ಇದ್ದೇ ಇದೆ. ಡಿಸ್ಕು ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿದೆ ಎಂದು ನಂಬಬೇಡಿ, ಗಾಬರಿಯಲ್ಲಿ ಅಳಿಸಲು ಒಪ್ಪಬೇಡಿ. ಯಂತ್ರಕ್ಕೇ ಡಿಸ್ಕು ಕಾಣುತ್ತಿದೆಯೇ ಎಂದು ಮೊದಲು ನೋಡಿ. ಪ್ಲಗ್ಗು ಕಿತ್ತ ಮೇಲೆಯೇ ತಂತಿ, ಟೋಪಿಗಳನ್ನು ಒಂದೊಂದಾಗಿ ಪರೀಕ್ಷಿಸಿ. ತಿಳಿಯದಿದ್ದರೆ ಬಲ್ಲವರನ್ನು ಕರೆಯಿರಿ. ಯಾರಾದರೂ ಬಿಚ್ಚಿದ್ದರೆ ಅವರು ಹೆದರದೆ ಹೇಳುವ ಹಾಗೆ ಕೇಳಿ. ಬ್ಯಾಕಪ್ಪಿನಿಂದ ಒಂದು ಕಡತವನ್ನು ಇಂದೇ ಮರಳಿ ತೆಗೆದು ನೋಡಿ.

ಆ ಡಬ್ಬದೊಳಗೆ ನಿಮ್ಮವರು ಯಾರೋ ಇದ್ದಾರೆ. ಬರುವ ಶುಕ್ರವಾರದೊಳಗೆ ಅವರ ಇನ್ನೊಂದು ಪ್ರತಿಯನ್ನು ಬೇರೊಂದು ಮನೆಗೆ ಕಳಿಸಿಕೊಡಿ.