ಗೇರೆಣ್ಣೆ ಹಚ್ಚಿದ ಕುರಿ

ಪರ್ಕಳದ ಈಚಿನ ಚರಿತ್ರೆಯನ್ನು ಯಾರಾದರೂ ಬರೆಯುವುದಿದ್ದರೆ ಒಂದು ಸಂಗತಿಯನ್ನು ಬಿಡಬಾರದು: ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಶೇಖರನ ಕುರಿ ಕಂಪೌಂಡಿನ ಗೋಡೆಗೆ ಬೆನ್ನು ಉಜ್ಜಿತು. ಸಾಕ್ಷಿಗಳು ಮೂವರು: ಶೇಖರ, ಅವನ ಹೆಂಡತಿ ಕಮಲ ಮತ್ತು ಮಗಳ ಮಗಳು, ನಾಲ್ಕು ವರ್ಷದ ಆಶ್ರಿತಾ.

ಈ ಕಡೆ ಆಡು ಸಾಕುವವರಿದ್ದಾರೆ, ಕುರಿ ಸಾಕುವವರಿಲ್ಲ. ನಾಲ್ಕು ತಿಂಗಳ ಮಳೆಗೆ ಉಣ್ಣೆ ಒಣಗುವುದೇ ಇಲ್ಲ. ಇದು ಮೂವತ್ತೊಂದು ವರ್ಷ ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ ಶೇಖರನಿಗೂ ಗೊತ್ತಿತ್ತು. ಆದರೆ ನಿವೃತ್ತನಾದವನಿಗೆ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದರೆ ಮುಂದೆ ಹೋಗುವ ಜೀವ ಮನೆಯಲ್ಲಿ ಒಂದಾದರೂ ಬೇಕಲ್ಲ? ಘಟ್ಟದ ಮೇಲಿನಿಂದ ಮೂರು ಕುರಿ ತಂದ. ದುಬೈಯಲ್ಲಿರುವ ಮಗಳು ಎರಡು ತಿಂಗಳಿಗೆಂದು ಮಗುವನ್ನು ಬಿಟ್ಟುಹೋದಾಗ ಕಮಲ, “ಕುರಿಯ ಹತ್ತಿರ ಮಗುವನ್ನು ಬಿಡಬೇಡಿ ಮಾರಾಯ್ರೆ” ಎಂದಿದ್ದಳು. ಶೇಖರ ಬಿಟ್ಟಿದ್ದ. ಬೊಳ್ಳಿ ಎಂಬ ಬಿಳಿ ಕುರಿಯ ಕುತ್ತಿಗೆ ತಬ್ಬಿಕೊಳ್ಳದೆ ಆಶ್ರಿತಾ ಸಂಜೆಯ ಹಾಲು ಕುಡಿಯುತ್ತಿರಲಿಲ್ಲ.

ಗೋಡೆಗೆ ಬೆನ್ನು ಉಜ್ಜಿದ್ದು ಆ ಬೊಳ್ಳಿಯೇ. ಬುಧವಾರದ ಹೊತ್ತಿಗೆ ಅದರ ಕಿವಿಯಂಚಿನಲ್ಲಿ ಬೂದಿ ಬಣ್ಣದ ಹಕ್ಕಳೆ ಕಟ್ಟಿತು. ಉಣ್ಣೆ ಹಿಡಿದರೆ ಹಿಡಿಯಷ್ಟೂ ಕೈಗೆ ಬರುತ್ತಿತ್ತು. ಅದೇ ಸಂಜೆ ಮಗುವಿನ ಮೊಣಕೈಯ ಒಳಮಡಿಕೆಯಲ್ಲಿ ಮೂರು ಕೆಂಪು ಬೊಕ್ಕೆ ಕಂಡವು.

“ತುರಿಸ್ತದೆ ಅಜ್ಜ.”

“ಸೊಳ್ಳೆ ಅದು. ಅಜ್ಜಿಗೆ ಹೇಳಬೇಡ, ಆಯ್ತಾ?”

ಎಷ್ಟೋ ವರ್ಷ ಚಿಲ್ಲರೆ ಇಲ್ಲವೆಂದು ಸಲೀಸಾಗಿ ಸುಳ್ಳು ಹೇಳಿದವನಿಗೆ ಈ ಸುಳ್ಳು ಮಾತ್ರ ಸಲೀಸಾಗಲಿಲ್ಲ. ಮರುದಿನ ಬೆಳಿಗ್ಗೆ ಪೇಪರ್ ಹಿಡಿದು ಕುಳಿತರೆ, ಅದರ ಆಚೆಯಿಂದ ಪುಟ್ಟ ಉಗುರುಗಳ ಕರಕರ ಸದ್ದು. ಒಂದು ಸಾಲೂ ತಲೆಗೆ ಹೋಗಲಿಲ್ಲ. ಬೊಕ್ಕೆಗಳು ಈಗ ಏಳು.

ನೆರೆಮನೆಯ ಕರುಣಾಕರ ಕಾರ್ಕಳದ ಗೇರುಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ದುಡಿದವನು. ಜಗತ್ತಿನ ಸಕಲ ಹುಳಗಳಿಗೂ ಅವನಲ್ಲಿ ಒಂದೇ ಮದ್ದು: ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ.

“ಹಂಚಿನ ಮಾಡಿನ ಪಕ್ಕಾಸಿಗೆ ಹಚ್ಚಿದರೆ ಗೆದ್ದಲು ಬರುವುದಿಲ್ಲ, ದೋಣಿಗೆ ಹಚ್ಚಿದರೆ ಹುಳ ಬರುವುದಿಲ್ಲ. ಕುರಿ ಎಂತ ದೊಡ್ಡದಾ ಶೇಖರಣ್ಣ?”

“ಉರಿಯುವುದಿಲ್ವಾ ಮಾರಾಯ?”

“ಕಮಲಕ್ಕ ಹಿಮ್ಮಡಿ ಒಡೆದದ್ದಕ್ಕೆ ಹಚ್ಚುವುದು ಇದನ್ನೇ ಅಲ್ವಾ? ಅವರು ಎಂದಾದರೂ ಬೊಬ್ಬೆ ಹೊಡೆದದ್ದುಂಟಾ?”

ತರ್ಕ ಗಟ್ಟಿಯಾಗಿತ್ತು. ಕಮಲ ಮನೆಯಲ್ಲಿಲ್ಲದ ಹೊತ್ತು ನೋಡಿ ಇಬ್ಬರೂ ಅವಳ ಎಣ್ಣೆಯ ಬಾಟಲಿ ತಂದು, ಕೋಲಿನ ತುದಿಗೆ ಬಟ್ಟೆ ಸುತ್ತಿ ಬೊಳ್ಳಿಯ ಕಿವಿ, ಕುತ್ತಿಗೆ, ಬೆನ್ನಿಗೆಲ್ಲ ಎಣ್ಣೆ ಬಳಿದರು. ಬೊಳ್ಳಿ ಅರಚಿದ್ದು ಪೇಟೆಯ ಬಸ್ ಸ್ಟಾಪಿನವರೆಗೆ ಕೇಳಿತಂತೆ. ಉಳಿದ ಎಣ್ಣೆಯ ಬಾಟಲಿಯನ್ನು ಶೇಖರ ಅಡುಗೆಮನೆಯ ಕಿಟಕಿಯಲ್ಲಿ, ಅದರ ಎಂದಿನ ಜಾಗದಲ್ಲಿಟ್ಟ.

ಶುಕ್ರವಾರ ಬೆಳಿಗ್ಗೆ ಕೊಟ್ಟಿಗೆಗೆ ಹೋದವನು ಬಾಗಿಲಲ್ಲೇ ನಿಂತ. ಎಣ್ಣೆ ಬಿದ್ದಲ್ಲೆಲ್ಲ ಚರ್ಮ ಕಪ್ಪಾಗಿ ಸುಲಿದಿತ್ತು, ಅಡಿಯಲ್ಲಿ ಹಸಿ ಮಾಂಸ. ನೆಕ್ಕಿ ನೆಕ್ಕಿ ಬಾಯಿಯೂ ಹುಣ್ಣಾಗಿತ್ತು. ಬೊಳ್ಳಿ ಮೇವಿನ ಕಡೆ ತಿರುಗಲಿಲ್ಲ, ಅವನ ಕಡೆಯೂ ನೋಡಲಿಲ್ಲ.

ಹತ್ತು ಗಂಟೆಗೆ ಪಶುವೈದ್ಯೆ ಡೈನಾ ಬಂದರು. ಕೈಗವಸು ಹಾಕಿ ಮುಟ್ಟಿ ನೋಡಿದರು.

“ಇದು ಕಜ್ಜಿ. ನುಸಿಯಿಂದ ಬರುವುದು. ಕಣ್ಣಿಗೆ ಕಾಣುವುದಿಲ್ಲ, ಚರ್ಮದೊಳಗೆ ಕೊರೆದುಕೊಂಡು ಹೋಗಿ ಮೊಟ್ಟೆ ಇಡ್ತದೆ. ಒಂದು ಇಂಜೆಕ್ಷನ್, ಎರಡು ವಾರ ಬಿಟ್ಟು ಇನ್ನೊಂದು, ಅಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಈ ಸುಟ್ಟದ್ದು ಎಂತ?”

ಪಕ್ಕದಲ್ಲಿ ನಿಂತಿದ್ದ ಕರುಣಾಕರ ಆಕಾಶ ನೋಡಿದ. ಅಲ್ಲಿ ವಿಶೇಷವೇನೂ ಇರಲಿಲ್ಲ.

“ಗೇರೆಣ್ಣೆ, ಮೇಡಂ,” ಎಂದ ಶೇಖರ. “ಹಿಮ್ಮಡಿಗೆ ಹಚ್ಚುತ್ತಾರಲ್ಲ ಅಂತ…”

“ಹಿಮ್ಮಡಿಯದ್ದು ಕಲ್ಲಿನ ಹಾಗಿನ ಚರ್ಮ. ಎಳೆ ಚರ್ಮಕ್ಕೆ ಇದು ಆಸಿಡ್ ಇದ್ದ ಹಾಗೆ.” ಡಾಕ್ಟರ್ ತಲೆಯೆತ್ತಿದರು. “ಮನೆಯಲ್ಲಿ ಯಾರಿಗಾದರೂ ತುರಿಕೆ ಉಂಟಾ? ಈ ನುಸಿ ಮನುಷ್ಯರಿಗೂ ಹತ್ತುತ್ತದೆ.”

“ಇಲ್ಲ,” ಎಂದ ಶೇಖರ.

ಅಷ್ಟರಲ್ಲಿ ಅಡುಗೆಮನೆಯಿಂದ ಕಮಲಳ ದನಿ ಕೇಳಿತು. “ಎಂತ ಸೊಳ್ಳೆ, ಅಜ್ಜನ ತಲೆ! ಇಷ್ಟು ಗುಳ್ಳೆ ಎದ್ದಿದೆ. ಕೈ ಚಾಚು ಪುಟ್ಟಾ, ಅಜ್ಜಿಯ ಎಣ್ಣೆ ಹಚ್ತೇನೆ. ಸ್ವಲ್ಪ ಉರಿಯುತ್ತದೆ, ಅಳಬಾರದು.”

ಶೇಖರ ಓಡಿದ. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರನಿಗೆ ಕೇಳುವಂತೆ ಕೂಗಿದ ಗಂಟಲು ಅದು. ಈಗ ಅದರಿಂದ ಬರೇ ಗಾಳಿ ಬಂತು. ಕೊಟ್ಟಿಗೆಯಿಂದ ಅಡುಗೆಮನೆಗೆ ಇಪ್ಪತ್ತು ಹೆಜ್ಜೆ. ಜಗಲಿಯ ಮೆಟ್ಟಿಲಲ್ಲಿ ಒಮ್ಮೆ ಮುಗ್ಗರಿಸಿದ. ಬಾಗಿಲಲ್ಲಿ ನಿಂತಾಗ ಕಂಡದ್ದು ಇಷ್ಟು: ಮುಚ್ಚಳ ತೆಗೆದ ಬಾಟಲಿ, ಕಮಲಳ ಬೆರಳಲ್ಲಿ ಕಪ್ಪಾದ ಹತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ ಚಾಚಿದ ಪುಟ್ಟ ಕೈ. ಹತ್ತಿಗೂ ಚರ್ಮಕ್ಕೂ ನಡುವೆ ಒಂದು ಬೆರಳಿನ ಅಂತರ.

ಅವನು ಹತ್ತಿಯನ್ನು ಹಾಗೆಯೇ ಮುಷ್ಟಿಯಲ್ಲಿ ಹಿಡಿದುಕೊಂಡ. ಬಾಟಲಿ ಉರುಳಿತು. ಎಣ್ಣೆ ಅವನ ಮಣಿಕಟ್ಟಿನ ಮೇಲೆ ಹರಿಯಿತು.

“ಹುಚ್ಚು ಹಿಡಿದಿದೆಯಾ ನಿಮಗೆ?”

“ಸೊಳ್ಳೆ ಅಲ್ಲ,” ಎಂದ. ದನಿ ಈಗ ಬಂದಿತ್ತು, ತೀರಾ ಸಣ್ಣದಾಗಿ. “ಕುರಿಯದ್ದು. ನನಗೆ ಗೊತ್ತಿತ್ತು.”

“ಯಾವಾಗಿನಿಂದ?”

“ಬುಧವಾರದಿಂದ.”

ಕಮಲ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಹಿಂದೆ ಸರಿದಳು, ಅವನಿಂದಲೇ ರೋಗ ಬಂದೀತೇನೋ ಎಂಬಂತೆ. ಅವಳು ಬೈಯಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಶೇಖರನಿಗೆ ಅಷ್ಟು ಭಯವಾದದ್ದು ಇನ್ನೊಂದಿಲ್ಲ.

ಹಿಂದೆಯೇ ಬಂದ ಡಾಕ್ಟರ್ ಅವನ ಕೈಗೆ ತೆಂಗಿನೆಣ್ಣೆ ಸುರಿದು, ಉಜ್ಜಿ, ಸಾಬೂನಿನಲ್ಲಿ ತೊಳೆಸಿದರು. “ಮಗುವನ್ನು ಇವತ್ತೇ ಮಣಿಪಾಲಕ್ಕೆ ಕರೆದುಕೊಂಡು ಹೋಗಿ, ಚರ್ಮದ ಡಾಕ್ಟರಿಗೆ ತೋರಿಸಿ,” ಎಂದರು. “ಮತ್ತು ಅಲ್ಲಿ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಿ.”

ಆಶ್ರಿತಾಳ ತುರಿಕೆ ಎರಡು ವಾರದೊಳಗೆ ಹೋಯಿತು. ಬೊಳ್ಳಿ ಭಾನುವಾರ ಮಧ್ಯಾಹ್ನ ಸತ್ತಿತು.