ಮರದ ಎರಡು ಕಡೆ

ಫೆಬ್ರವರಿಯಲ್ಲಿ ಹಿಮದ ಮೇಲೆ ಮಳೆ ಬಿದ್ದು, ಮರುದಿನವೇ ಚಳಿ ಬಿಗಿದು, ನೆಲವೆಲ್ಲ ಗಾಜಾಯಿತು. ನಮ್ಮ ಹಿಮಸಾರಂಗಗಳು ಗೊರಸಿನಿಂದ ಎಷ್ಟು ಕೆರೆದರೂ ಕೆಳಗಿನ ಮೇವು ಸಿಗದು. ಇಂಥ ವರ್ಷ ಅವುಗಳ ಜೀವ ಉಳಿಸುವುದು ಮುದಿ ಸ್ಪ್ರೂಸ್ ಮರಗಳ ಕೊಂಬೆಗಳಿಂದ ಇಳಿಬಿದ್ದ ಕಪ್ಪು ಗಡ್ಡ ಮಾತ್ರ. ಕಲ್ಲುಹೂವಿನ ಜಾತಿಯದು, ನಾವು ಲಾಹ್ಪು ಎನ್ನುತ್ತೇವೆ. ಅಂಥ ಮರಗಳು ನಮ್ಮ ಚಳಿಗಾಲದ ಹಾದಿಯಲ್ಲಿ ಉಳಿದಿರುವುದು ನದಿಯಾಚೆಯ ಒಂದೇ ಕಾಡಿನಲ್ಲಿ. ಬೇರೆಡೆಯೆಲ್ಲ ಸಾಲಾಗಿ ನೆಟ್ಟ ಎಳೆಯ ಪೈನ್.

ಆ ಒಂದನ್ನೂ ಕೇಳಲು ಮರ ಕಡಿಸುವ ಕಂಪನಿಯ ಹೋಕನ್ ಬಂದಿದ್ದ. ಮೂಗು ಒರೆಸುವ, ಕೈ ಒರೆಸುವ, ಶೌಚದ ಕಾಗದ ಮಾಡುವ ಗಿರಣಿಗೆ ಮರ ಬೇಕಂತೆ. ನಮ್ಮ ಒಪ್ಪಿಗೆ ಇಲ್ಲದೆ ಕಡಿದರೆ ಆ ಕಾಗದವನ್ನು ಹೊರದೇಶದ ಅಂಗಡಿಗಳು ಕೊಳ್ಳುವುದಿಲ್ಲ. ಒಪ್ಪಿಗೆ ಕೊಡಬೇಕಾದವರು ಹೆಯ್ಕಾ ದೊಡ್ಡಪ್ಪ. ಸಾರಂಗ ಸಾಕುವ ನಮ್ಮ ಸಾಮಿ ಬುಡಕಟ್ಟಿನ ಕುಟುಂಬಗಳ ಕೂಟಕ್ಕೆ ಅವರೇ ಮುಖ್ಯಸ್ಥರು.

ಕಾಡಿನ ಅಂಚಿನಲ್ಲೇ ಬೆಂಕಿ ಹಾಕಿ ಕೂತೆವು. ರಿಸ್ಟೆನ್ ದೊಡ್ಡಮ್ಮ ನಮ್ಮ ರೂಢಿಯಂತೆ ಕಾಫಿಗೆ ಗಿಣ್ಣಿನ ತುಂಡು ಹಾಕಿ ಕೊಟ್ಟರು. ಕಾಡಿನ ವಿಷಯ ಓದಿ ಪದವಿ ಪಡೆದವಳೆಂದು, ಕಂಪನಿಯ ಕಾಗದಪತ್ರಗಳ ಕಗ್ಗಂಟು ಸ್ವೀಡಿಶ್ ಬಿಡಿಸಿ ಹೇಳಲು ನನ್ನನ್ನು ಕರೆತಂದಿದ್ದರು. ಮಾತಾಡಲೆಂದಲ್ಲ. ನಾನು ಮಾತಾಡುವವಳಲ್ಲ ಎಂದು ಮನೆಯವರಿಗೆಲ್ಲ ಗೊತ್ತು.

"ನೋಡಿ ಹೆಯ್ಕಾ ಅವರೇ, ಐದು ಚಳಿಗಾಲ ಮೇವಿನ ಚೀಲ ನಾವೇ ತಂದು ಹಾಕ್ತೀವಿ," ಎಂದ ಹೋಕನ್. "ಗಡ್ಡ ಹುಡುಕ್ಕೊಂಡು ಅಲೆಯೋ ಕಷ್ಟ ಯಾಕೆ ನಿಮಗೆ?"

"ಅಂಡು ಒರೆಸೋಕೆ ನಮ್ಮ ಕಾಡೇ ಬೇಕೇನಪ್ಪಾ?" ದೊಡ್ಡಮ್ಮ ಕೆಟಲ್ ಎತ್ತುತ್ತಾ ಕೇಳಿದರು. "ಇಷ್ಟು ಹಿಮ ಬಿದ್ದಿದೆ. ಆ ಪೊದೆ ಹಿಂದೆ ಹೋಗಿ ನೋಡು, ಎಷ್ಟು ಚೊಕ್ಕಟ ಆಗುತ್ತೆ."

ಹೋಕನ್ ಜೋರಾಗಿ ನಕ್ಕ. ಮನುಷ್ಯ ಕೆಟ್ಟವನಲ್ಲ. ದೊಡ್ಡಪ್ಪ ಮಾತ್ರ ನಗಲಿಲ್ಲ. ಒಂದಾದ ಮೇಲೊಂದು ಕಾಡಿಗಾಗಿ ವಾದಿಸಿ ಸೋತವರು ಅವರು. ಮೇವಿನ ಚೀಲ ಎಂದಾಗ ಅವರ ಭುಜ ಕೊಂಚ ಇಳಿದದ್ದನ್ನು ನಾನು ನೋಡಿದೆ. ಒಪ್ಪಿಬಿಡುತ್ತಾರೆ ಅನ್ನಿಸಿತು.

"ಸರಿ, ಹಾಗಾದ್ರೆ ಎಷ್ಟು ಚೀಲ ಬೇಕು ನೋಡೋಣ," ಹೋಕನ್ ಹುರುಪಾದ. "ನಿಮ್ಮದು ಒಟ್ಟು ಎಷ್ಟು ಸಾರಂಗ?"

ದೊಡ್ಡಮ್ಮನ ಕೈ ನಿಂತಿತು. ನಮ್ಮಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಅದು, ಕೂಡಿಟ್ಟ ಹಣ ಎಷ್ಟೆಂದು ಕೇಳಿದ ಹಾಗೆ. ಒಡಹುಟ್ಟಿದವರೂ ಕೇಳುವುದಿಲ್ಲ. ದೊಡ್ಡಪ್ಪ ಬೆಂಕಿ ನೋಡುತ್ತಾ ಕೂತರು. ಅವರು ಹಾಗೆ ತಲೆ ತಗ್ಗಿಸಿ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

"ಮರದ ಈ ಕಡೆ ಕೆಲವು, ಆ ಕಡೆ ಕೆಲವು," ಎಂದೆ.

ಹಾಗೆ ಕೇಳುವ ಹೊರಗಿನವರಿಗೆ ನಮ್ಮ ಹಿರಿಯರು ಕೊಡುವ ಉತ್ತರ ಅದು. ದೊಡ್ಡಮ್ಮ ಕಿಸಕ್ಕನೆ ನಕ್ಕರು.

"ಗೊತ್ತಾಯ್ತು, ಹೇಳಲ್ಲ ಅಂತ," ಹೋಕನ್ ಕೈ ಎತ್ತಿದ. "ಅಂದಾಜಾದ್ರೂ ಹೇಳಮ್ಮ."

"ಯಾವ ಮರ ಅಂತ ಕೇಳಿ." ಬೆಂಕಿಯ ಪಕ್ಕದಲ್ಲಿದ್ದ ಮುದಿ ಸ್ಪ್ರೂಸ್ ಕಡೆ ಕೈ ತೋರಿಸಿದೆ. "ಇದೇ ಮರ. ನಿಮ್ಮ ನಕ್ಷೇಲಿ ಇದನ್ನ ವಯಸ್ಸು ಮೀರಿದ ಮರ ಅಂತ ಬರೆದಿದ್ದೀರಿ. ಇಷ್ಟು ಗಡ್ಡ ಬರೋಕೆ ಮರಕ್ಕೆ ನಮ್ಮಜ್ಜಿಗಿಂತ ಹೆಚ್ಚು ವಯಸ್ಸಾಗಬೇಕು. ನೀವು ಕಡಿದು ಸಸಿ ನೆಟ್ಟರೆ ನನ್ನ ಮೊಮ್ಮಕ್ಕಳಿಗೂ ಸಿಗಲ್ಲ. ಐದು ಚಳಿಗಾಲ ಚೀಲ ಕೊಡ್ತೀರಿ, ಸರಿ. ಆರನೇದಕ್ಕೆ? ಚೀಲದ ಮೇವು ತಿಂದು ಬೆಳೆದ ಮರಿ ಕಾಡಿನ ದಾರಿ ಹೇಗೆ ಕಲಿಯುತ್ತೆ? ಮರಾನೇ ಇಲ್ಲದಿದ್ರೆ ಈ ಕಡೆನೂ ಇಲ್ಲ, ಆ ಕಡೆನೂ ಇಲ್ಲ. ಆಮೇಲೆ ಲೆಕ್ಕ ಸುಲಭ, ಸೊನ್ನೆ."

ದೊಡ್ಡಪ್ಪ ತಲೆಯೆತ್ತಿ ಆ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ, "ಅವನಿಗೆ ಸರಿಯಾಗಿ ಹೇಳು ಮಗಳೇ," ಎಂದರು.

"ಏನಂತ ಹೇಳಲಿ ದೊಡ್ಡಪ್ಪ?"

"ಆಗಲ್ಲ ಅಂತ."

ದೊಡ್ಡಪ್ಪನಿಗೆ ಸ್ವೀಡಿಶ್ ಚೆನ್ನಾಗಿಯೇ ಬರುತ್ತದೆ. ಆ ಮಾತನ್ನು ಬೇಕೆಂದೇ ನನ್ನ ಬಾಯಿಗೆ ಕೊಟ್ಟಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದೆ.

ಹೋಕನ್ ನಕ್ಷೆ ಮಡಚಿದ. "ಹಾಗಾದ್ರೆ ಈ ಕಾಡನ್ನ ಕೈಬಿಟ್ಟ ಹಾಗೇ. ಗಿರಣಿಯವರ ಹತ್ರ ಬೈಸಿಕೊಳ್ಳೋನು ನಾನು."

"ಬೈಸಿಕೋ, ಸವೆದೇನೂ ಹೋಗಲ್ಲ," ಎಂದರು ದೊಡ್ಡಮ್ಮ. "ಇನ್ನೊಂದು ಲೋಟ ಕುಡಿದು ಹೋಗು."

ಆ ಮಧ್ಯಾಹ್ನವೇ ಮಂದೆಯನ್ನು ಕಾಡಿಗೆ ಬಿಟ್ಟೆವು. ಕೆಲವು ಹಿಂಗಾಲ ಮೇಲೆ ನಿಂತು ಗಡ್ಡ ಜಗ್ಗಿ ಜಗ್ಗಿ ತಿಂದವು. ಮರಿಗಳು ಕೆಳಗೆ ಉದುರಿದ್ದನ್ನು ಹೆಕ್ಕಿದವು. ದೊಡ್ಡಪ್ಪ ಸ್ಕೀ ಕೋಲಿಗೆ ಒರಗಿ ನೋಡುತ್ತಿದ್ದರು.

"ಮುಂದಿನ ಸಲ ಯಾರಾದ್ರೂ ಬಂದ್ರೆ ನಾನು ಬೆಂಕಿ ನೋಡ್ಕೋತೀನಿ," ಎಂದರು. "ನೀನು ಮಾತಾಡು."

ಆಗಲಿ ಎಂದೆ. ಸ್ವಲ್ಪ ಜೋರಾಗಿಯೇ.